ಏಳರ ತನಕ ಎಣಿಸುವ ಸಾಲು

ನಮ್ಮೂರಿನ ನಲ್ಲಿಗಳು ನನ್ನ ಮಾತು ಕೇಳುತ್ತವೆ ಅಂತ ಜನ ಹೇಳುತ್ತಾರೆ. ಶುದ್ಧ ಸುಳ್ಳು. ನಲ್ಲಿಗಳು ಕೇಳುವುದು ಗೋಡೆಯ ಮಾತನ್ನು. ಗೋಡೆಯ ಮೇಲಿನ ನೀರಿನ ಪಾಲನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು, ಅಷ್ಟೇ. ನನ್ನ ಹೆಸರು ಇಂದುಮತಿ. ಆ ಹೆಸರು ಹಿಡಿದು ಕೇಳಿದರೆ ನಮ್ಮ ಬೀದಿಯವರೇ ಗೊತ್ತಿಲ್ಲ ಅಂದುಬಿಡುತ್ತಾರೆ. ಗಿರಣಿ ಇಂದಕ್ಕ ಅನ್ನಬೇಕು. ಹಿಟ್ಟಿನ ಗಿರಣಿ ಹೊಟ್ಟೆಪಾಡಿಗೆ, ಗೋಡೆ ಚಟಕ್ಕೆ. ಎಲೆ ಅಡಿಕೆ, ಇಸ್ಪೀಟು ಎರಡೂ ಇಲ್ಲದವಳಿಗೆ ಇಷ್ಟಾದರೂ ಒಂದು ಚಟ ಬೇಡವೇ?

ಗೋಡೆ ಅಂದರೆ ಬಸ್ ನಿಲ್ದಾಣದಿಂದ ಶುರುವಾಗಿ ಬಟ್ಟೆ ಒಗೆಯುವ ಕಟ್ಟೆಯ ತನಕ ಹೋಗುವ ಕರಿಕಲ್ಲಿನ ಗೋಡೆ. ಮೇಲೆ ತಗಡಿನ ಸೂರು, ಕೆಳಗೆ ಕೂತು ಓದುವುದಕ್ಕೆ ಜಗಲಿ. ಅದರ ಮೇಲೆ ಬಳಪದಲ್ಲಿ ಏನು ಬರೆದಿದೆಯೋ ಅದು ಊರಲ್ಲಿ ನಡೆಯುತ್ತದೆ. ಬೀದಿದೀಪ ಯಾವಾಗ ಹತ್ತಬೇಕು, ಶಾಲೆ ಗಂಟೆ ಹೇಗೆ ಹೊಡೆಯಬೇಕು, ಒಲೆ ಮೇಲಿನ ಹಾಲು ಎಷ್ಟು ನಿಧಾನಕ್ಕೆ ಉಕ್ಕಬೇಕು, ಮಧ್ಯಾಹ್ನದ ಗಾಳಿ ಯಾವ ಬೀದಿಯಿಂದ ಹೊರಡಬೇಕು, ಎಲ್ಲವೂ ಅಲ್ಲಿದೆ. ಯಾರು ಬೇಕಾದರೂ ಓದಬಹುದು. ಯಾರು ಬೇಕಾದರೂ ಚೀಟಿಯಲ್ಲಿ ತಿದ್ದುಪಡಿ ಬರೆದು ತರಬಹುದು. ಪರವೂರಿನವರು ಬಂದು ಇಡೀ ಗೋಡೆಯನ್ನು ನಕಲು ಮಾಡಿಕೊಂಡು ಹೋದರೂ ನಾವು ಬೇಡ ಅನ್ನುವುದಿಲ್ಲ. ನಿಮ್ಮೂರಿನ ಗೋಡೆಗೂ ಪರದೆ ಹಾಕಬೇಡಿ ಅಂತ ಹೇಳಿ, ಮಜ್ಜಿಗೆ ಕೊಟ್ಟು ಕಳಿಸುತ್ತೇವೆ.

ಇರುವುದು ಒಂದೇ ಕಟ್ಟಳೆ. ನಿಮ್ಮ ಮಾತನ್ನು ನೀವೇ ಗೋಡೆಗೆ ಬರೆಯುವ ಹಾಗಿಲ್ಲ. ಹಾಗಿಲ್ಲ ಅಂದರೆ ಯಾರೂ ಬಯ್ಯುವುದಿಲ್ಲ, ಗೋಡೆಯೇ ಒಪ್ಪುವುದಿಲ್ಲ. ಬರೆದ ಅಕ್ಷರ ಪುಡಿಯಾಗಿ ಕಾಲಬುಡಕ್ಕೆ ಉದುರುತ್ತದೆ. ಇನ್ನೊಬ್ಬರು ನಿಮ್ಮ ಚೀಟಿ ಓದಿ ತಮ್ಮ ಕೈಯಾರೆ ಬರೆದರೆ ಮಾತ್ರ ನಿಲ್ಲುತ್ತದೆ, ಮಾರನೇ ಬೆಳಗ್ಗೆಯಿಂದ ಜಾರಿಗೆ ಬರುತ್ತದೆ. ನಮ್ಮೂರಿನ ಮಕ್ಕಳೆಲ್ಲ ಒಂದಲ್ಲ ಒಂದು ಸಲ ‘ನಾಳೆ ಶಾಲೆಗೆ ರಜ’ ಅಂತ ಬರೆದು, ಪಾದದ ಮೇಲೆ ಬಳಪದ ಪುಡಿ ಸುರಿಸಿಕೊಂಡೇ ದೊಡ್ಡವರಾದದ್ದು. ಗೆಳೆಯನ ಕೈಲಿ ಬರೆಸಿದ ಜಾಣರೂ ಇದ್ದಾರೆ ಅನ್ನಿ. ಅವರಿಗೆ ಒಂದು ದಿನ ರಜ ಸಿಕ್ಕಿತು, ಅದರ ಮಾರನೇ ದಿನ ಇಬ್ಬರ ಅಂಗೈಗೂ ಬಾಸುಂಡೆ ಬಂತು.

ಗೋಡೆಯನ್ನು ನೀರು, ಬೆಳಕು, ಗಂಟೆ ಅಂತ ಪಾಲು ಮಾಡಿದೆ, ಪಾಲಿಗೊಬ್ಬರು ನೋಡಿಕೊಳ್ಳುವವರು. ಬಿಟ್ಟಿ ಚಾಕರಿ, ಬೈಗುಳ ಮಾತ್ರ ಧಾರಾಳ. ‘ಇಂದಕ್ಕ, ನಮ್ಮ ನಲ್ಲಿ ಸೀನುತ್ತೆ’ ಅಂತ ಒಬ್ಬರು, ‘ಪಕ್ಕದ ಮನೆಯೋರ ಧಾರೆ ನಮ್ಮದಕ್ಕಿಂತ ದಪ್ಪ’ ಅಂತ ಇನ್ನೊಬ್ಬರು. ಒಂದು ಬೇಸಿಗೆಯಲ್ಲಂತೂ ನೀರು ಬರುವ ಮೊದಲು ನಲ್ಲಿ ಸಣ್ಣಗೆ ಹಾಡಬೇಕೋ ಬೇಡವೋ ಅಂತ ಮೂರು ವಾರ ಜಗಳ ನಡೆಯಿತು. ನೀರು ಬಂದರೆ ಸಾಲದೇ ಅಂತ ಕೇಳಿದವರು ಒಬ್ಬರೂ ಇಲ್ಲ. ಕೊನೆಗೆ ಕಾಲುವೆಯಾಚೆಯವರು ಮುನಿಸಿಕೊಂಡು ತಮ್ಮದೇ ಒಂದು ಗಿಡ್ಡ ಗೋಡೆ ಕಟ್ಟಿಕೊಂಡರು. ಅವರ ನಲ್ಲಿಗಳು ಇವತ್ತಿಗೂ ಹಾಡುತ್ತವೆ, ಅಪಶ್ರುತಿಯಲ್ಲಿ. ಮದುವೆಗೆ ಕರೆದರೆ ನಾವು ಹೋಗುತ್ತೇವೆ, ಹೋಳಿಗೆ ತಿನ್ನುತ್ತೇವೆ, ನಲ್ಲಿಯ ಮಾತು ಎತ್ತುವುದಿಲ್ಲ.

ನನ್ನ ಚೀಟಿಗಳನ್ನು ಗೋಡೆಗೆ ಬರೆಯುತ್ತಿದ್ದವಳು ಬಳೆ ಅಂಗಡಿ ಕಮಲಾಬಾಯಿ. ಅವಳದು ಬೆಳಕಿನ ಪಾಲು, ನನ್ನ ಪಕ್ಕದ್ದೇ. ನಾನು ಚೀಟಿ ಕೊಟ್ಟರೆ, ‘ನೀನು ಬರೆದದ್ದಲ್ವೇನೇ, ಸರಿಯಾಗೇ ಇರುತ್ತೆ’ ಅಂದು, ಎದುರುಮನೆ ಸೊಸೆಯ ಸುದ್ದಿ ಹೇಳುತ್ತ ಹೇಳುತ್ತ ಬರೆದು ಮುಗಿಸಿಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಚೀಟಿಯೂ ವಾಪಸ್ಸು ಬಂದದ್ದಿಲ್ಲ. ಹೊಸಬರಿಗೆ ‘ಇಂದಕ್ಕನ ಹಾಗೆ ಬರೀರಿ’ ಅಂತ ಹೇಳಿಕೊಡುವಷ್ಟು ನನ್ನ ಹೆಸರಾಗಿತ್ತು. ಇಷ್ಟಾದ ಮೇಲೆ ಮನುಷ್ಯಳಿಗೆ ಸ್ವಲ್ಪ ಕೊಬ್ಬು ಬರುವುದಿಲ್ಲವೇ? ಬಂದಿತ್ತು. ಸ್ವಲ್ಪವೇನು, ಚೆನ್ನಾಗಿಯೇ ಬಂದಿತ್ತು.

ದಸ್ತಗೀರಣ್ಣ ನಮ್ಮೂರಿಗೆ ಬಂದು ಆಗ ಒಂದು ವರ್ಷ. ಪಾತ್ರೆಗೆ ಕಲಾಯಿ ಹಾಕುವವನು. ಗಾಳಿ ಊದುವ ತಿದಿ, ತವರ, ನವಸಾಗರದ ಡಬ್ಬಿ ಹೊತ್ತು ಹೆಂಡತಿ ಜೈಬುನ್ನಿಸಾಳ ಜೊತೆ ಬಂದವನು ಒಂದು ವಾರ ಇದ್ದು ಹೋಗುತ್ತೇನೆ ಅಂದಿದ್ದ. ಗೋಡೆ ನೋಡಿದ, ಹೋಗಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು ಜಗಲಿಯ ಮೇಲೆ ಕೂತು, ಬಸ್ ನಿಲ್ದಾಣದ ಕಡೆಯಿಂದ ಒಂದೊಂದೇ ಸಾಲು ಬೆರಳಿಟ್ಟು ಓದುತ್ತಿದ್ದ. ಅಕ್ಷರ ಕಲಿತದ್ದೇ ಹಾಗೆ. ಇಡೀ ಗೋಡೆಯನ್ನು ಮೊದಲಿಂದ ಕೊನೆಯ ತನಕ ಓದಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದದ್ದೇ ಇಲ್ಲ ನೋಡಿ. ನಮ್ಮ ನಮ್ಮ ಪಾಲು ಓದಿದರೆ ನಮ್ಮ ಪುಣ್ಯ.

‘ಆರು ಊರು ನೋಡಿದೀನಿ ಇಂದಕ್ಕ’ ಅನ್ನುತ್ತಿದ್ದ. ‘ಎಲ್ಲಾ ಕಡೆ ಬರಹ ಕಬ್ಬಿಣದ ಪೆಟ್ಟಿಗೇಲಿ ಇರುತ್ತೆ. ನಲ್ಲಿ ಕೆಟ್ರೆ ಪೆಟ್ಟಿಗೆಯೋರು ಬರೋ ತನಕ ಬಾಯಿ ಒಣಗಿಸ್ಕೊಂಡು ಕೂತಿರಬೇಕು. ಇಲ್ಲಿ ನನ್ನಂಥೋನೂ ಓದಬಹುದು. ಒಂದಿನ ನನ್ನ ಕೈಲೂ ಒಂದು ಸಾಲು ಬರೆಸ್ತೀರಾ?’

‘ನೋಡೋಣ ಇರು’ ಅನ್ನುತ್ತಿದ್ದೆ ನಾನು, ದೊಡ್ಡ ಅಧಿಕಾರಿಯ ಹಾಗೆ. ಅಲ್ಲಿಯ ತನಕ ಅವನು ಮಾಸಿದ ಅಕ್ಷರಗಳ ಮೇಲೆ ಬಳಪ ಆಡಿಸಿ ನಿಚ್ಚಳ ಮಾಡುತ್ತಿದ್ದ. ಆ ಕೆಲಸ ಯಾರಿಗೂ ಬೇಕಿರಲಿಲ್ಲ, ಅವನು ಮಾತ್ರ ಹಬ್ಬದ ರಂಗೋಲಿ ಹಾಕುವಷ್ಟು ಶ್ರದ್ಧೆಯಿಂದ ಮಾಡುತ್ತಿದ್ದ.

ಒಂದು ಬುಧವಾರ ನನ್ನ ಪಾಲಿನಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು. ‘ಯಾರಾದರೂ ನಲ್ಲಿ ತಿರುಗಿಸಿದರೆ ಮೊದಲು ಏಳರ ತನಕ ಎಣಿಸು’ ಅಂತ. ನನಗಿಂತ ಹಳೆಯ ಸಾಲು, ಯಾರು ಬರೆದದ್ದೋ. ಇಪ್ಪತ್ತೆರಡು ವರ್ಷ ನಾನೂ ಕೊಡ ಹಿಡಿದು ನಿಂತು ಆ ಏಳನ್ನು ಕಾದವಳೇ. ಆವತ್ತು ಯಾಕೋ ರೇಗಿತು. ನಲ್ಲಿಗೆ ಯಾಕೆ ಎಣಿಕೆ? ಅದೇನು ಪರೀಕ್ಷೆ ಬರೆಯಬೇಕೇ? ಚೀಟಿ ತೆಗೆದು ಹೊಸದಾಗಿ ಬರೆದೆ: ‘ಕೈ ತಿರುಗಿಸಿದ ಕೂಡಲೇ ನೀರು ಕೊಡು. ಕೊಡದ ಕಂಠ ಮುಟ್ಟಿದ ಕೂಡಲೇ ನಿಲ್ಲು.’ ಎಷ್ಟು ಚೊಕ್ಕ! ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಕಮಲಾಬಾಯಿ ಮಗಳ ಸೀಮಂತಕ್ಕೆ ಅಂತ ಪರವೂರಿಗೆ ಹೋಗಿದ್ದಳು. ಜಗಲಿಯ ಮೇಲೆ ದಸ್ತಗೀರಣ್ಣ ಇದ್ದ.

‘ಬಾರಣ್ಣ, ನಿನ್ನ ಆಸೆ ತೀರಿಸ್ತೀನಿ’ ಅಂದೆ.

ಅವನು ಕೈಯನ್ನು ಲುಂಗಿಗೆ ಎರಡೆರಡು ಸಲ ಒರೆಸಿಕೊಂಡು ಚೀಟಿ ತೆಗೆದುಕೊಂಡ. ಓದಿದ. ಗೋಡೆ ನೋಡಿದ. ಮತ್ತೆ ಚೀಟಿ ಓದಿದ. ‘ಅಕ್ಕ, ಆ ಎಣಿಕೆ ಸಾಲು ತೆಗೀತಿದೀರಲ್ಲ. ಬೇರೆ ಪಾಲಿನೋರು ಯಾರಾದ್ರೂ ಅದನ್ನ ನಂಬ್ಕೊಂಡಿದ್ರೆ?’

‘ನೀರಿಗೂ ಬೇರೆಯವರಿಗೂ ಏನಪ್ಪ ಸಂಬಂಧ?’

‘ನಾನಿನ್ನೂ ಮೂರರಲ್ಲಿ ಒಂದು ಪಾಲು ಓದಿದೀನಿ ಅಷ್ಟೆ. ಈಗ ಓದು ಸಲೀಸಾಗಿದೆ, ಉಳಿದಿದ್ದು ಓದೋ ತನಕ ಒಂದೆರಡು ತಿಂಗಳು ತಡೆದ್ರೆ...’

ನನಗೆ ಪಿತ್ತ ನೆತ್ತಿಗೇರಿತು. ‘ಇಪ್ಪತ್ತೆರಡು ವರ್ಷದಿಂದ ನಾನಿದನ್ನ ನೋಡ್ಕೊಂಡು ಬಂದಿದೀನಿ. ನೀನು ನಿನ್ನೆ ಮೊನ್ನೆ ಬಂದೋನು. ಬರಿ ಅಂದ್ರೆ ಬರಿ.’

ಅವನು ಬರೆದ. ಗುಂಡಗೆ, ಇಡ್ಲಿಯ ಹಾಗೆ ಉಬ್ಬಿದ ಅಕ್ಷರ. ಒದ್ದೆ ಬಟ್ಟೆಯಲ್ಲಿ ಹಳೆಯ ಸಾಲನ್ನು ಒರೆಸುವಾಗ ಮಾತ್ರ ಅವನ ಕೈ ಹಿಂದೆ ಮುಂದೆ ನೋಡಿತು. ಬರೆದಾದ ಮೇಲೆ ಪದ್ಧತಿಯಂತೆ ನಾನು ಚೀಟಿ ಹರಿದು ಹಾಕಿದೆ. ಗೋಡೆಗೆ ಏರಿದ ಸಾಲು ಊರಿನದು, ಇಂಥವರದು ಅಂತ ಹೇಳಿಕೊಳ್ಳಬಾರದು ಅಂತ ನಮ್ಮಲ್ಲಿ ಚೀಟಿ ಇಟ್ಟುಕೊಳ್ಳುವುದಿಲ್ಲ. ಸಂಜೆ ನಾನು ಆ ದಾರಿಯಲ್ಲಿ ಬರುವಾಗ ಅವನು ಜೈಬುನ್ನಿಸಾಳನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿದ್ದ. ‘ಇದು ನನ್ನ ಕೈ’ ಅಂತ ತೋರಿಸುತ್ತಿದ್ದ. ಅವಳಿಗೆ ಓದು ಬರುವುದಿಲ್ಲ, ಆದರೂ ತುಂಬ ಹೊತ್ತು ನೋಡಿದಳು.

ಮಾರನೇ ಬೆಳಗ್ಗೆ ನಲ್ಲಿ ತಿರುಗಿಸಿದೆ. ನೀರು ಧೊಪ್ಪನೆ ಬಂತು, ಕೊಡದ ಕಂಠಕ್ಕೆ ನಿಂತಿತು. ಭೇಷ್ ಅಂದುಕೊಂಡು ಒಳಗೆ ಬಂದು ಒಲೆ ಮೇಲೆ ಹಾಲಿಟ್ಟೆ. ಇಟ್ಟ ಕೈ ಹಿಂದೆ ತೆಗೆಯುವುದರೊಳಗೆ ಹಾಲು ಉಕ್ಕಿ ಒಲೆಯೆಲ್ಲ ಹೊಳೆಯಾಯಿತು. ದೋಸೆ ಹುಯ್ದೆ, ಮಗುಚುವ ಕೈ ಹುಡುಕುವುದರೊಳಗೆ ಸೀದು ಕರಕಲು. ನನ್ನ ಗ್ರಹಚಾರ ಅಂತ ಹಸಿದ ಹೊಟ್ಟೆಯಲ್ಲೇ ಗಿರಣಿಗೆ ಹೋದೆ. ಗಿರಣಿಯ ಬಾಗಿಲು ಮುಟ್ಟಿದ್ದೇ ತಡ ತೆರೆದುಕೊಂಡಿತು, ಒಳಗೆ ಕಾಲಿಡುವುದರೊಳಗೆ ಹಿಂದಿನಿಂದ ಸೊಂಟಕ್ಕೆ ಬಡಿಯಿತು. ರಾಗಿ ಸುರಿದರೆ ಕಲ್ಲು ಒಂದೇ ಗುಕ್ಕಿಗೆ ನುಂಗಿ ಹಿಟ್ಟನ್ನು ನನ್ನ ಮುಖಕ್ಕೇ ಉಗುಳಿತು.

ಹೊರಗೆ ನೋಡುತ್ತೇನೆ, ಊರೇ ಹೀಗೆ. ಗಂಟೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಬಿಡುವಿಲ್ಲದೆ ಅಲಾರಾಂ ಗಡಿಯಾರದ ಹಾಗೆ ಬಡಿದುಕೊಳ್ಳುತ್ತಿತ್ತು. ಗಾಳಿ ಉಸಿರು ತೆಗೆದುಕೊಳ್ಳದೆ ಬೀಸಿ, ಹಗ್ಗದ ಮೇಲಿನ ಪಂಚೆಗಳೆಲ್ಲ ಬೇರೆ ಬೇರೆ ಮನೆ ಸೇರಿದ್ದವು. ನಮ್ಮ ಬಸ್ಸಿನ ಬಾಗಿಲು ತೆರೆಯುವುದೂ ಮುಚ್ಚುವುದೂ ಒಂದೇ ಆಗಿ, ಜನ ಕಿಟಕಿಯಿಂದ ಮೊದಲು ಚೀಲ, ಆಮೇಲೆ ಅತ್ತೆ, ಆಮೇಲೆ ತಾವು ಅಂತ ಹತ್ತುತ್ತಿದ್ದರು. ಬಯ್ಯುತ್ತಿದ್ದವರಷ್ಟೇ ನಗುತ್ತಿದ್ದವರೂ ಇದ್ದರು. ನಾನೂ ನಕ್ಕೆ. ತಲೆಯಿಂದ ಕಾಲಿನ ತನಕ ರಾಗಿ ಹಿಟ್ಟು ಮೆತ್ತಿಕೊಂಡು ಬೀದಿ ನೋಡುತ್ತ ನಿಂತು ನಕ್ಕೆ.

ಹತ್ತು ಗಂಟೆಗೆ ಕಮಲಾಬಾಯಿ ಬಂದಳು. ಓಡುವ ಬಸ್ಸಿನಿಂದ ಧುಮುಕಿ ಬಂದಿದ್ದಳು, ಒಂದು ಚಪ್ಪಲಿ ಇರಲಿಲ್ಲ. ‘ಇಂದಿ, ನನ್ನ ದೀಪಗಳು ಹಗಲು ಹೊತ್ತಲ್ಲಿ ಕಣ್ಣು ಮಿಟುಕಿಸ್ತಿವೆ ಕಣೇ! ಗೋಡೆ ಹತ್ರ ಹೋಗಿ ನೋಡ್ದೆ. ನನ್ನ ಪಾಲಿನಲ್ಲಿ ಏನಂತಿದೆ ಗೊತ್ತಾ? “ನೀರಿನ ಪಾಲಿನಲ್ಲಿ ಎಣಿಸುವಷ್ಟು ಹೊತ್ತು ತಡೆದು ಹತ್ತಿಕೋ.” ಗಂಟೆ ಪಾಲಿನಲ್ಲೂ ಅದೇ. ಒಲೆ, ಬಾಗಿಲು, ಗಾಳಿ, ಎಲ್ಲಾರೂ ನಿನ್ನ ಆ ಏಳನ್ನೇ ಸಾಲ ತಗೊಂಡಿದಾರೆ. ಈಗ ನೋಡಿದ್ರೆ ನಿನ್ನ ಹತ್ರ ಏಳೇ ಇಲ್ಲ. ಯಾರೋ ಅಳಿಸಿಹಾಕಿದಾರೆ!’

ನನ್ನ ನಗು ಅಲ್ಲಿಗೇ ನಿಂತಿತು. ಹೇಳಬೇಕು ಅಂತ ಬಾಯಿ ತೆರೆದೆ ಕೂಡ.

‘ಆ ಕಲಾಯಿಯೋನ ಕೈ’ ಅಂದಳು ಕಮಲಾಬಾಯಿ. ‘ಗುಂಡಗೆ ಕಾಣುತ್ತೆ. ನೀನು ಗಿರಣಿಲಿದ್ದಾಗ ಯಾರೋ ತಲೆಕೆಟ್ಟೋರು ಚೀಟಿ ಕೊಟ್ಟಿರಬೇಕು, ಇವನು ಓದದೆ ಬರೆದುಬಿಟ್ಟಿದಾನೆ. ನೀನಿದ್ದಿದ್ರೆ ಬಿಡ್ತಿದ್ಯಾ?’

ತೆರೆದ ಬಾಯಿ ಮುಚ್ಚಿಕೊಂಡೆ. ಯಾಕೆ ಮುಚ್ಚಿಕೊಂಡೆ ಅಂತ ಕೇಳಬೇಡಿ. ಇಪ್ಪತ್ತೆರಡು ವರ್ಷದ ಹೆಸರು ಅಡ್ಡ ಬಂತು.

ಬಿದ್ದುಹೋದ ಸಾಲನ್ನು ಆಗಲೇ ಬರೆದಿದ್ದರೆ ಮಾರನೇ ದಿನಕ್ಕೆ ಎಲ್ಲ ಸರಿಹೋಗುತ್ತಿತ್ತು. ಆದರೆ ನಮ್ಮಲ್ಲಿ ಪದ್ಧತಿ ಅಂತ ಒಂದಿದೆಯಲ್ಲ. ಊರು ಕೆಟ್ಟರೆ ಮೊದಲು ಬರೆದ ಕೈ ಯಾರದು ಅಂತ ಇತ್ಯರ್ಥವಾಗಬೇಕು, ಆಮೇಲೆ ಬಳಪ. ಕೈ ಯಾರದೋ ಹೊಣೆ ಅವರದು. ಓದಿ ಬರೆಯಬೇಕಾದವರು ಅವರು ತಾನೇ. ಊರು ಕೆಡಿಸಿದ ಕೈಗೆ ಮತ್ತೆ ಜನ್ಮದಲ್ಲಿ ಬಳಪ ಕೊಡುವುದಿಲ್ಲ. ನನಗೆ ಗೊತ್ತಿದ್ದ ಹಾಗೆ ಒಬ್ಬನಿಗೆ ಮಾತ್ರ ಹಾಗಾಗಿತ್ತು, ನಾನು ಚಿಕ್ಕವಳಿದ್ದಾಗ. ಆ ಮನುಷ್ಯ ಗೋಡೆಯ ಪಕ್ಕ ನಡೆಯುವುದಕ್ಕೇ ಆಗದೆ ಒಂದು ತಿಂಗಳಲ್ಲಿ ಊರು ಬಿಟ್ಟ.

ನಾಲ್ಕು ಗಂಟೆಗೆ ಪಾಲಿನವರೆಲ್ಲ ಗೋಡೆಯ ಹತ್ತಿರ ಸೇರಿದರು. ಊರಿಗೆ ಊರೇ ಬಂತು. ಗಂಟೆ ಪಾಲಿನ ಸೂರಪ್ಪ ಎಲ್ಲರಿಗಿಂತ ಹಿರಿಯರು, ಅವರೇ ಮುಂದೆ ಕೂತರು. ಬೆಳಗ್ಗಿನಿಂದ ಗಂಟೆ ಕೇಳಿ ಕೇಳಿ ಎರಡು ಕಿವಿಗೂ ಹತ್ತಿ ತುರುಕಿಕೊಂಡಿದ್ದರು. ಚಹಾ ತಂದವನ ಪಾತ್ರೆ ಮೂರು ಸಲ ಉಕ್ಕಿ, ಕೊನೆಗೆ ಎಲ್ಲರಿಗೂ ಅರ್ಧರ್ಧ ಲೋಟ ಸಿಕ್ಕಿತು. ದಸ್ತಗೀರಣ್ಣ ಗೋಡೆಗೆ ಬೆನ್ನು ಮಾಡಿ ನಿಂತಿದ್ದ. ಜೈಬುನ್ನಿಸಾ ದೂರದಲ್ಲಿ, ತಿದಿಯನ್ನು ಆಗಲೇ ಗೋಣಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಎಂಟನೇ ಊರು ಹುಡುಕುವುದಕ್ಕೆ ಹೊರಟ ಹಾಗಿತ್ತು.

‘ಏನಪ್ಪ, ಈ ಕೈ ನಿಂದೇನಾ?’ ಸೂರಪ್ಪ ಕೇಳಿದರು.

‘ನಂದೇ ಸ್ವಾಮಿ.’

‘ಚೀಟಿ ಕೊಟ್ಟೋರು ಯಾರು?’

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು. ‘ಬರೆದಿದ್ದು ನಾನು. ಕೈ ಯಾರದೋ ಹೊಣೆ ಅವರದು ಅಂತ ನಿಮ್ಮಲ್ಲೇ ಕಲಿತೆ. ಬೇರೆ ಹೆಸರು ಯಾಕೆ?’

‘ಓದಿ ಬರೆದ್ಯೋ, ಓದದೆ ಬರೆದ್ಯೋ?’

‘ಓದಿದೆ. ಅನುಮಾನನೂ ಬಂತು. ಆದ್ರೂ ಬರೆದೆ, ತಪ್ಪು ನಂದೇ.’

ಜನ ಗುಜುಗುಜು ಅಂದರು. ‘ಹೊಸಬರ ಕೈಗೆ ಬಳಪ ಕೊಟ್ರೆ ಇನ್ನೇನಾಗುತ್ತೆ’ ಅಂದ ಯಾರೋ. ‘ಇಪ್ಪತ್ತೆರಡು ವರ್ಷ ಇಂದಕ್ಕ ಕಾಪಾಡಿದ್ದನ್ನ ಒಂದು ದಿನದಲ್ಲಿ ಹಾಳು ಮಾಡಿದ’ ಅಂದ ಇನ್ನೊಬ್ಬ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಎಮ್ಮೆ ಸುಮ್ಮನೆ ನಿಂತಿತ್ತು, ಜ್ವರದ ಎತ್ತು ಜಗಲಿಯ ಮೇಲೆ ಚಹಾ ಕುಡಿಯುತ್ತ ಕೂತಿತ್ತು. ಸೂರಪ್ಪ ಕೈ ಚಾಚಿ, ‘ಬಳಪ ಕೊಡಪ್ಪ’ ಅಂದರು. ದಸ್ತಗೀರಣ್ಣ ಅಂಗಿ ಜೇಬಿಗೆ ಕೈ ಹಾಕಿದ. ಎರಡು ಸಾಲು ಬರೆದು ಸವೆದಷ್ಟೇ ಸವೆದಿದ್ದ ಬಳಪವನ್ನು ಹೊರಗೆ ತೆಗೆದ. ಅದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದ ಮಹಾರಾಯ! ಅವನು ಕಾಗದ ಸಮೇತ ಬಳಪವನ್ನು ಸೂರಪ್ಪನವರ ಅಂಗೈಗೆ ಇಟ್ಟದ್ದು ನೋಡಿ ನಾನು ಲೋಟ ಕೆಳಗಿಟ್ಟು ಎದ್ದೆ.

‘ತಡೀರಿ’ ಅಂದೆ. ‘ಚೀಟಿ ನಂದು.’

ಸೂರಪ್ಪ ಕಿವಿಯ ಹತ್ತಿ ತೆಗೆದು, ‘ಏನಂದ್ರಿ?’ ಅಂದರು.

‘ಚೀಟಿ ಬರೆದೋಳು ನಾನು. ಅವನು ಬೇಡ ಅಂತ ಎರಡು ಸಲ ಹೇಳಿದ. ನಾನೇ ಗದರಿಸಿ ಬರೆಸ್ದೆ.’

ಎಲ್ಲರೂ ನನ್ನನ್ನು ಬಯ್ಯುತ್ತಾರೆ ಅಂದುಕೊಂಡು ಬೆನ್ನು ಗಟ್ಟಿಮಾಡಿಕೊಂಡಿದ್ದೆ. ಜನ ಮಾಡಿದ್ದೇನು ಗೊತ್ತೇ? ‘ಅಯ್ಯೋ ಪಾಪ!’ ಅಂದರು. ‘ಎಂಥಾ ದೊಡ್ಡ ಮನಸ್ಸು ನೋಡಿ! ಬಡವನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೊಳ್ತಿದಾಳೆ.’ ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೂರಪ್ಪ ಎದ್ದು ಕೈಮುಗಿದರು. ‘ಕೂತ್ಕೊಳ್ಳಿ ಇಂದಕ್ಕ. ನೀವು ಇಂಥ ತಪ್ಪು ಮಾಡೋರಲ್ಲ ಅಂತ ಊರಿಗೇ ಗೊತ್ತು.’

‘ಮಾಡಿದೀನ್ರೀ!’ ಅಂತ ಕಿರುಚಿದೆ. ‘ದೇವರಾಣೆ ನಾನೇ ಮಾಡಿದೀನಿ!’

‘ಸುಮ್ನಿರೇ ಇಂದಿ’ ಅಂದಳು ಕಮಲಾಬಾಯಿ, ಬೆನ್ನು ಸವರುತ್ತ. ‘ಬೆಳಗ್ಗೆಯಿಂದ ಹಸ್ಕೊಂಡಿದೀಯ, ತಲೆ ತಿರುಗ್ತಿರಬೇಕು.’

ನೋಡಿ ನನ್ನ ಅವಸ್ಥೆ! ತಪ್ಪು ಮುಚ್ಚಿಡುವುದಕ್ಕೆ ಬೆಳಗ್ಗಿನಿಂದ ಪಟ್ಟ ಪಾಡು ಒಂದಾದರೆ, ತಪ್ಪು ನನ್ನದೇ ಅಂತ ನಂಬಿಸುವುದಕ್ಕೆ ಪಟ್ಟದ್ದು ಅದರ ಹತ್ತರಷ್ಟು. ಚೀಟಿ ತೋರಿಸೋಣ ಅಂದರೆ ಹರಿದು ಹಾಕಿದ್ದೆ. ಸಾಕ್ಷಿ ಹೇಳಬೇಕಾದ ದಸ್ತಗೀರಣ್ಣ ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡುತ್ತಿದ್ದ. ಬಿಟ್ಟರೆ ನನಗೆ ಹಾರ ಹಾಕಿ ಅವನನ್ನು ಊರು ಬಿಡಿಸುವವರೇ ಇವರು ಅನ್ನಿಸಿತು. ಆಗ ಗೋಡೆ ಕಣ್ಣಿಗೆ ಬಿತ್ತು.

ಸೂರಪ್ಪನವರ ಕೈಯಲ್ಲಿದ್ದ ಬಳಪ ಕಿತ್ತುಕೊಂಡು ಹೇಳಿದೆ: ‘ಸರಿ, ನಂಬಬೇಡಿ. ಆ ಎರಡು ಸಾಲನ್ನ ಇಲ್ಲೇ ಪಕ್ಕದಲ್ಲಿ ನೀವು ಒಂದು ಸಲ ಬರೀರಿ.’

ಸೂರಪ್ಪ ಏನೂ ಅರ್ಥವಾಗದೆ ಬರೆದರು. ‘ಕೈ ತಿರುಗಿಸಿದ ಕೂಡಲೇ ನೀರು ಕೊಡು. ಕೊಡದ ಕಂಠ ಮುಟ್ಟಿದ ಕೂಡಲೇ ನಿಲ್ಲು.’ ಸಾಲು ನಿಂತಿತು. ‘ಕಮಲಾ, ನೀನೂ ಬರಿ’ ಅಂದೆ. ಅವಳು ಬರೆದಳು. ಅದೂ ಅಚ್ಚೊತ್ತಿದ ಹಾಗೆ ನಿಂತಿತು. ಆಮೇಲೆ ನಾನು ಸೆರಗು ಸಿಕ್ಕಿಸಿಕೊಂಡು, ಊರೆಲ್ಲ ನೋಡುತ್ತಿದ್ದಂತೆ, ಅದೇ ಎರಡು ಸಾಲನ್ನು ದಪ್ಪಕ್ಷರದಲ್ಲಿ ಬರೆದೆ. ಕೊನೆಯ ಅಕ್ಷರ ಮುಗಿಯುವುದರೊಳಗೆ ಮೊದಲನೆಯ ಅಕ್ಷರ ಜಾರಿತು. ಒಂದರ ಹಿಂದೆ ಒಂದು ಎಲ್ಲವೂ ಸರಸರ ಉದುರಿ ನನ್ನ ಎರಡೂ ಪಾದದ ಮೇಲೆ ಬೆಳ್ಳಗೆ ಬಿದ್ದವು.

ಊರೆಲ್ಲ ಬಗ್ಗಿ ನನ್ನ ಪಾದ ನೋಡಿತು. ಗಂಟೆ ಇನ್ನೂ ಮರ್ಯಾದೆ ಇಲ್ಲದೆ ಬಡಿದುಕೊಳ್ಳುತ್ತಿತ್ತು. ಐವತ್ತೈದು ವರ್ಷದ ಹೆಂಗಸು, ಶಾಲೆ ಹುಡುಗಿಯ ಹಾಗೆ ಪಾದದ ಮೇಲೆ ಬಳಪದ ಪುಡಿ ಹೊತ್ತು ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಎದೆಯ ಮೇಲಿನ ಕಲ್ಲು ಇಳಿದಿತ್ತು, ಅದನ್ನೂ ಹೇಳಬೇಕು.

‘ಹಾಗಾದ್ರೆ...’ ಅಂದರು ಸೂರಪ್ಪ. ಪದ್ಧತಿಯಲ್ಲಿ ಕೈಗೆ ಶಿಕ್ಷೆ ಇತ್ತು, ಹೇಳಿ ಬರೆಸಿದ ಬಾಯಿಗೆ ಇರಲಿಲ್ಲ. ‘ಕೈ ಕೈಯೇ ಅಲ್ವಾ? ಬಳಪ ಅವನದೇ ಹೋಗಬೇಕಾಗುತ್ತೇನೋ.’

‘ಹೋಗಲಿ ಬಿಡಿ’ ಅಂದಳು ಕಮಲಾಬಾಯಿ. ಅವಳ ಮುಖ ಕೆಂಪಗಾಗಿತ್ತು. ‘ಅವನದು ತಗೊಂಡ್ರೆ ನಂದೂ ತಗೊಳ್ಳಿ. ಅವನು ಓದಿ, ಒಂದು ಮಾತು ಕೇಳಿ, ಆಮೇಲೆ ಬರೆದ. ನಾನು ಇಪ್ಪತ್ತೆರಡು ವರ್ಷದಿಂದ ಇವಳ ಚೀಟಿ ಓದೇ ಇಲ್ಲ. ಒಂದೂ ಓದಿಲ್ಲ! ಹೋದ ವರ್ಷ ನಲ್ಲಿ ಸೀನ್ತಿತ್ತಲ್ಲ ಒಂದು ತಿಂಗಳು, ಅದು ನಾನು ಎದುರುಮನೆ ಸೊಸೆ ಸುದ್ದಿ ಹೇಳ್ತಾ ಹೇಳ್ತಾ ಒಂದು ಸಾಲು ಬಿಟ್ಟಿದ್ದು.’

‘ನೀನಾ ಅದು?’ ಅಂದೆ. ಆ ಸೀನಿಗೆ ನಾನು ಎಷ್ಟು ಬೈಗುಳ ತಿಂದಿದ್ದೆ!

ಅಷ್ಟಕ್ಕೇ ಮುಗಿಯಲಿಲ್ಲ. ಗಾಳಿ ಪಾಲಿನವನು ಕೆಮ್ಮಿದ. ತನ್ನ ಭಾವಮೈದುನನ ಚೀಟಿಗಳನ್ನು ತಾನೂ ಕಣ್ಣುಮುಚ್ಚಿ ಬರೆಯುತ್ತೇನೆ ಅಂದ. ಬಾಗಿಲ ಪಾಲಿನವಳು ತಾನು ಚೀಟಿಯ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಓದುವುದು ಅಂದಳು. ಕೊನೆಗೆ ಸೂರಪ್ಪನವರೇ ತಲೆ ಕೆರೆದುಕೊಂಡು, ತಮ್ಮ ಕನ್ನಡಕ ಒಡೆದು ಮೂರು ವರ್ಷವಾಯಿತು, ಅಂದಾಜಿನ ಮೇಲೆ ನಡೆಸುತ್ತಿದ್ದೇನೆ ಅಂದುಬಿಟ್ಟರು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜೈಬುನ್ನಿಸಾ ಕೂಡ ಸೆರಗು ಅಡ್ಡ ಹಿಡಿದು ನಕ್ಕಳು. ನಗು ನಿಂತ ಮೇಲೆ ಸೂರಪ್ಪ ಬಳಪವನ್ನು ಅದೇ ಕಾಗದದಲ್ಲಿ ಸುತ್ತಿ ದಸ್ತಗೀರಣ್ಣನ ಕೈಗೆ ಕೊಟ್ಟರು. ‘ಇದನ್ನ ತಗೊಳ್ಳೋ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇಲ್ಲಪ್ಪ’ ಅಂದರು.

ಮೂರು ಕೈಯ ಹೊಸ ಸಾಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿದ್ದುಹೋದ ಸಾಲನ್ನು ನಾನು ಚೀಟಿಯಲ್ಲಿ ಬರೆದು ಅವನಿಗೆ ಕೊಟ್ಟೆ. ಅವನು ಓದಿದ. ಈ ಸಲ ನಾನು ತುಟಿ ಬಿಗಿಹಿಡಿದು ನಿಂತೆ.

‘ಇಂದಕ್ಕ, ಏಳೇ ಯಾಕೆ? ಆರಾಗಬಾರದಾ, ಎಂಟಾಗಬಾರದಾ?’

‘ನಂಗೊತ್ತಿಲ್ಲ’ ಅಂದೆ. ಊರಿನವರ ಮುಂದೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಕಷ್ಟವೇನೂ ಆಗಲಿಲ್ಲ.

‘ನಂಗೂ ಗೊತ್ತಿಲ್ಲ. ಇರಲಿ, ಬರೀತೀನಿ. ಆದ್ರೆ ಇದರ ಕೆಳಗೆ ಇನ್ನೊಂದು ಸಾಲು ಬೇಕು’ ಅಂದು, ತಾನೂ ಒಂದು ಚೀಟಿ ಬರೆದ. ಅವನ ಮಾತಾದ್ದರಿಂದ ಅದಕ್ಕೆ ಬೇರೆಯವರ ಕೈ ಬೇಕಲ್ಲ, ನಾನು ಇಸಿದುಕೊಂಡೆ. ಮೂರು ಸಲ ಓದಿದೆ. ಒಲೆಯ ಪಾಲು ಬಿಟ್ಟುಹೋಗಿತ್ತು, ಹೇಳಿದೆ, ಅವನೇ ಚೀಟಿಗೆ ಸೇರಿಸಿದ. ಆಮೇಲೆ ಬರೆದೆ: ‘ಈ ಎಣಿಕೆಯನ್ನು ನಂಬಿ ಬೆಳಕು, ಗಂಟೆ, ಗಾಳಿ, ಬಾಗಿಲು, ಬಸ್ಸು, ಒಲೆ, ಗಿರಣಿ ನಡೆಯುತ್ತಿವೆ. ಅಳಿಸುವವರು ಅವರನ್ನೆಲ್ಲ ಕೇಳಿ ಅಳಿಸಬೇಕು.’ ನನ್ನ ಕೈಯಲ್ಲಿ ಒಂದು ಸಾಲು ಗೋಡೆಯ ಮೇಲೆ ನಿಂತು ಎಷ್ಟೋ ವರ್ಷವಾಗಿತ್ತು. ಬರೆದು ಹಿಂದೆ ಸರಿದು ನೋಡಿದೆ, ಖುಷಿಯಾಯಿತು.

ಮಾರನೇ ಬೆಳಗ್ಗೆ ಹಾಲು ತನ್ನ ಪಾಡಿಗೆ ಮೆಲ್ಲಗೆ ಉಕ್ಕಿತು. ಕೊಡ ಹಿಡಿದು ನಿಂತವರೆಲ್ಲ ಗೊಣಗದೆ ಏಳರ ತನಕ ಎಣಿಸಿದರು. ಒಂದು ವಾರ ಎಣಿಸಿದರು ಅನ್ನಿ, ಆಮೇಲೆ ಮತ್ತೆ ಗೊಣಗಿದರು.

ಹದಿನೈದು ದಿನ ಕಳೆದ ಮೇಲೆ ನಾನು ಹೊಸ ಚೀಟಿ ಬರೆದೆ, ಚಳಿಗಾಲದಲ್ಲಿ ಬೆಳಗಿನ ನೀರು ಬೆಚ್ಚಗೆ ಬರಲಿ ಅಂತ. ರಾತ್ರಿ ಹಗಲು ಯೋಚಿಸಿ ಬರೆದದ್ದು, ಒಂಬತ್ತು ಸಾಲು, ಒಂದು ಪದ ಅಲ್ಲಾಡಿಸುವ ಹಾಗಿರಲಿಲ್ಲ. ಕಮಲಾಬಾಯಿಯ ಹತ್ತಿರ ಹೋಗದೆ ನೇರ ದಸ್ತಗೀರಣ್ಣನ ಕಲಾಯಿ ಒಲೆಯ ಹತ್ತಿರ ಹೋಗಿ ಕೊಟ್ಟೆ. ಅವನು ತಿದಿ ನಿಲ್ಲಿಸಿ ಕೈ ಒರೆಸಿಕೊಂಡ. ಓದಿದ, ಮತ್ತೆ ಓದಿದ. ಚೀಟಿ ಮಡಿಸಿ ನನ್ನ ಕೈಗೇ ಇಟ್ಟ.

‘ಇದನ್ನ ಬರೆಯೋಕಾಗಲ್ಲ ಇಂದಕ್ಕ. ಮೂರು ಕಡೆ ತಪ್ಪಿದೆ.’

‘ಎಲ್ಲಿ? ಎಲ್ಲಿದೆ ತಪ್ಪು?’ ಅಂದೆ. ರೇಗಿತು, ಸುಳ್ಳು ಯಾಕೆ ಹೇಳಲಿ.

ಅವನು ಒಂದೊಂದಾಗಿ ತೋರಿಸಿದ. ಮೊದಲನೆಯದು ನಿಜವಾಗಿಯೂ ತಪ್ಪು. ಎರಡನೆಯದು ಇನ್ನೂ ನಿಜ. ಹಾಗೇ ಬರೆದಿದ್ದರೆ ಎಮ್ಮೆಗಳು ಕುಡಿಯುವ ತೊಟ್ಟಿಯಲ್ಲೂ ಕುದಿನೀರು ಬರುತ್ತಿತ್ತು. ನಾನು ಆ ಚೀಟಿ ಹಿಡಿದುಕೊಂಡು ನೇರ ಬಳೆ ಅಂಗಡಿಗೆ ಓಡಿದೆ. ‘ಕಮಲಾ! ನೋಡೇ ಇಲ್ಲಿ, ನನ್ನ ಚೀಟಿ ವಾಪಸ್ಸು ಬಂದಿದೆ!’ ಅಂದೆ. ಅವಳು ಓದಿದಳು, ಅಕ್ಷರ ಅಕ್ಷರ ಓದಿದಳು. ಅಲ್ಲಿಂದ ಸೂರಪ್ಪನವರ ಮನೆಗೆ ಹೋದೆ, ಹೊಸ ಕನ್ನಡಕದಲ್ಲಿ ಅವರೂ ಓದಿದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬರಹವನ್ನು ಒಬ್ಬರು ಕೂತು ಓದಿದ್ದರು, ಸುಮ್ಮನೆ ಮಾತೇ?

ಮೂರನೆಯ ತಪ್ಪನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವನೂ ಬಿಡುವುದಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಜಗಲಿಗೆ ಹೋಗಿ ಒಂದು ಗಂಟೆ ಜಗಳವಾಡಿ ಬರುತ್ತೇನೆ.